ಸೀಸದ ವಿಷ ಮತ್ತು ಮಕ್ಕಳ ಬುದ್ಧಿವಿಕಾಸ

ವಿದ್ಯಾಸಂಸ್ಥೆಯೊಂದರ ಸಾರ್ಥಕ್ಯವನ್ನು ಅಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗಳ ಸಂಖ್ಯೆಯಿಂದ ಅಳೆಯುವುದು ರೂಢಿಯಾಗಿದೆ. ಆದರೆ ಪ್ರತಿಯೊಂದು ತರಗತಿಯಲ್ಲಿಯೂ ಹಿಂದಿನ ಸಾಲಿನಲ್ಲಿ ಕುಳಿತ ಕೆಲವು ಮಕ್ಕಳಿರುತ್ತಾರೆ. ಅವರಿಗೆ ಹೇಳಿದ ಪಾಠ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಒಟ್ಟಿಗೆ ಎರಡು ಕೆಲಸಗಳನ್ನು ಹೇಳಿದರೆ ಎರಡನೆಯದು ಮರೆತುಹೋಗುತ್ತದೆ. ಕುಳಿತಲ್ಲಿ ಕುಳಿತಿರಲಾರರು; ಸಣ್ಣ ಮಾತಿಗೂ ಕೆರಳುತ್ತಾರೆ. ಇಂತಹ ಮಕ್ಕಳಿಗೆ ‘ದಡ್ಡ’, ‘ಸೋಮಾರಿ’, ‘ತಂಟೆಕೋರ’ ಎಂಬ ಹೆಸರುಗಳನ್ನು ಕೊಟ್ಟು, ಉಳಿದುದನ್ನು ಹಣೆಬರಹಕ್ಕೆ ಬಿಟ್ಟು, ಸಮಾಜವು ತನ್ನ ಹೊಣೆ ಮುಗಿಯಿತೆಂದು ತಿಳಿಯುತ್ತದೆ. ಹುಟ್ಟಿನಿಂದಲೂ ಹಣೆಬರಹದಿಂದಲೂ ಮನುಷ್ಯನನ್ನು ಅಳೆಯಲೊಪ್ಪದ ಶರಣರ ಪರಂಪರೆಯಲ್ಲಿ ಬೆಳೆದ ಶಾಲೆಗಳಿಗೆ ಈ ಸುಲಭ ಸಮಾಧಾನವು ತಕ್ಕುದಲ್ಲ.

ಇಂತಹ ಮಕ್ಕಳಲ್ಲಿ ಕೆಲವರ ಮಟ್ಟಿಗಾದರೂ ದೋಷವು ಮಗುವಿನ ಸ್ವಭಾವದಲ್ಲಿಲ್ಲ, ಗುರುವಿನ ಶ್ರಮದಲ್ಲಿಯೂ ಇಲ್ಲ. ಅದು ಮನೆಯ ಗೇಟಿಗೆ ಬಳಿದ ಬಣ್ಣದಲ್ಲಿ, ಬೀದಿಯ ಧೂಳಿನಲ್ಲಿ, ಅಡುಗೆಯ ಪಾತ್ರೆಯಲ್ಲಿ ಇದ್ದೀತು ಎಂಬುದು ಇಪ್ಪತ್ತನೆಯ ಶತಮಾನದ ವಿಜ್ಞಾನವು ಕಂಡುಕೊಂಡ ಸತ್ಯಗಳಲ್ಲೊಂದು. ಪರಿಸರದಲ್ಲಿರುವ ರಾಸಾಯನಿಕ ವಸ್ತುಗಳು ಎಳೆಯ ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗಬಲ್ಲವು. ಜಪಾನಿನ ಮಿನಮಾಟ ಕೊಲ್ಲಿಯ ದಂಡೆಯಲ್ಲಿ ರಾಸಾಯನಿಕ ಕಾರ್ಖಾನೆಯು ಸಮುದ್ರಕ್ಕೆ ಬಿಟ್ಟ ಪಾದರಸವು ಮೀನಿನ ಮೂಲಕ ಬಸುರಿಯರ ದೇಹವನ್ನು ಸೇರಿತು. ತಾಯಂದಿರಲ್ಲಿ ಹೆಚ್ಚಿನ ರೋಗಲಕ್ಷಣಗಳು ಕಾಣದಿದ್ದರೂ ಅವರ ಗರ್ಭದಲ್ಲಿದ್ದ ಶಿಶುಗಳು ಮಿದುಳಿಗೆ ಏಟು ಬಿದ್ದು ಜನಿಸಿದ ದಾರುಣ ಘಟನೆ 1950ರ ದಶಕದ್ದು. ಆದರೆ ಈ ಬಗೆಯ ವಿಷಗಳಲ್ಲೆಲ್ಲ ಅತ್ಯಂತ ಪ್ರಾಚೀನವಾದುದು, ಅತ್ಯಂತ ವ್ಯಾಪಕವಾದುದು, ಅತ್ಯಂತ ಕೂಲಂಕಷವಾಗಿ ಅಭ್ಯಾಸ ಮಾಡಲ್ಪಟ್ಟುದು ಸೀಸ. ಆದುದರಿಂದ ಸೀಸದ ಕಥೆಯೊಂದನ್ನು ತಿಳಿದರೆ ಉಳಿದವುಗಳ ಸ್ವರೂಪವೂ ಬಹುಮಟ್ಟಿಗೆ ತಿಳಿದಂತಾಗುತ್ತದೆ.

ಬೆಳೆಯುವ ಮಿದುಳಿನ ಮೇಲೆ ಸೀಸದ ಪ್ರಭಾವ

ಸೀಸವು ಮೃದುವಾದ, ಭಾರವಾದ, ಸುಲಭವಾಗಿ ಕರಗುವ ಲೋಹ. ಮಾನವ ದೇಹಕ್ಕೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಕಬ್ಬಿಣ, ಸತು, ತಾಮ್ರಗಳಂತೆ ಅಲ್ಪ ಪ್ರಮಾಣದಲ್ಲಿಯಾದರೂ ಅದು ಬೇಕೆನಿಸುವುದಿಲ್ಲ. ಆದರೆ ದೇಹದ ರಾಸಾಯನಿಕ ವ್ಯವಸ್ಥೆಯು ಸೀಸವನ್ನು ಸುಣ್ಣಾಂಶವೆಂದು, ಅಂದರೆ ಕ್ಯಾಲ್ಸಿಯಂ ಎಂದು ಭ್ರಮಿಸುತ್ತದೆ. ಕ್ಯಾಲ್ಸಿಯಂ ಹೋಗುವ ದಾರಿಗಳಲ್ಲೆಲ್ಲ ಸೀಸವೂ ಹೋಗುತ್ತದೆ. ರಕ್ತದಲ್ಲಿರುವ ಅನಿಷ್ಟ ವಸ್ತುಗಳು ಮಿದುಳಿಗೆ ನುಗ್ಗದಂತೆ ತಡೆಯುವ ಸೂಕ್ಷ್ಮವಾದ ವ್ಯವಸ್ಥೆಯೊಂದಿದೆ. ಸೀಸವು ಅದನ್ನೂ ದಾಟುತ್ತದೆ.

ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಮಗುವಿನ ಮಿದುಳಿನಲ್ಲಿ ನರಕೋಶಗಳ ನಡುವೆ ಅಸಂಖ್ಯಾತ ಸಂಧಿಗಳು ಏರ್ಪಡುತ್ತವೆ. ಬಳಕೆಯಾದವು ಬಲಗೊಳ್ಳುತ್ತವೆ, ಬಳಕೆಯಾಗದವು ಕಳಚಿಬೀಳುತ್ತವೆ. ರೈತನು ಸಸಿಗಳ ನಡುವೆ ಬೇಡವಾದವನ್ನು ಕಿತ್ತು ಪೈರನ್ನು ಹದಗೊಳಿಸುವಂತೆ ಪ್ರಕೃತಿಯು ಇಲ್ಲಿ ಕೆಲಸ ಮಾಡುತ್ತದೆ. ಯಾವ ಸಂಧಿ ಉಳಿಯಬೇಕು, ಯಾವುದು ಹೋಗಬೇಕು ಎಂಬ ನಿರ್ಣಯವು ಕ್ಯಾಲ್ಸಿಯಂ ಕಣಗಳ ಸಂಚಾರದಿಂದ ನಡೆಯತಕ್ಕುದು. ಆ ಸ್ಥಾನಕ್ಕೆ ಸೀಸವು ಬಂದು ಕುಳಿತರೆ ಸಂದೇಶಗಳು ತಪ್ಪುತ್ತವೆ. ಉಳಿಯಬೇಕಾದುದು ಹೋಗುತ್ತದೆ, ಹೋಗಬೇಕಾದುದು ಉಳಿಯುತ್ತದೆ. ಗಮನ, ತಾಳ್ಮೆ, ಯೋಜನೆ, ಆತ್ಮನಿಗ್ರಹ ಇವುಗಳಿಗೆ ಆಧಾರವಾದ ಮುಮ್ಮಿದುಳಿನ ಭಾಗಕ್ಕೆ ಈ ಹಾನಿಯು ವಿಶೇಷವಾಗಿ ತಟ್ಟುತ್ತದೆ.

ವಯಸ್ಕರಿಗಿಂತ ಮಕ್ಕಳಿಗೆ ಅಪಾಯವು ಹೆಚ್ಚಾಗಿರುವುದಕ್ಕೆ ಬೇರೆ ಕಾರಣಗಳೂ ಇವೆ. ಅಂಬೆಗಾಲಿಡುವ ಮಗು ನೆಲದ ಧೂಳಿಗೆ ಹತ್ತಿರವಾಗಿ ಉಸಿರಾಡುತ್ತದೆ. ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗಿಡುತ್ತದೆ. ನುಂಗಿದ ಸೀಸದಲ್ಲಿ ವಯಸ್ಕರ ಕರುಳು ಹತ್ತರಲ್ಲಿ ಒಂದು ಪಾಲನ್ನು ಹೀರಿಕೊಂಡರೆ ಎಳೆಯ ಮಗುವಿನ ಕರುಳು ಅರ್ಧದವರೆಗೂ ಹೀರಿಕೊಳ್ಳಬಲ್ಲದು. ಊಟದಲ್ಲಿ ಕಬ್ಬಿಣದ ಅಂಶವೂ ಕ್ಯಾಲ್ಸಿಯಮ್ಮೂ ಕಡಿಮೆಯಿದ್ದ ಮಗುವಿನ ದೇಹವು ಮತ್ತೂ ಹೆಚ್ಚು ಸೀಸವನ್ನು ಎಳೆದುಕೊಳ್ಳುತ್ತದೆ. ಬಡತನ ಮತ್ತು ವಿಷ ಎರಡೂ ಒಂದೇ ಮನೆಯ ಬಾಗಿಲನ್ನು ತಟ್ಟುವುದು ಹೀಗೆ. ರಕ್ತದಲ್ಲಿ ಸೇರಿದ ಸೀಸದ ಪ್ರಮಾಣವು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿದರೂ ಮೂಳೆಯಲ್ಲಿ ತಂಗಿದ ಸೀಸವು ದಶಕಗಟ್ಟಲೆ ಉಳಿಯುತ್ತದೆ. ಹೆಣ್ಣುಮಗುವೊಂದು ಬಾಲ್ಯದಲ್ಲಿ ನುಂಗಿದ ವಿಷವು ಅವಳು ತಾಯಿಯಾಗುವ ಕಾಲಕ್ಕೆ ಮೂಳೆಯಿಂದ ಕರಗಿ ರಕ್ತಕ್ಕಿಳಿದು ಗರ್ಭದ ಶಿಶುವನ್ನು ತಲುಪುತ್ತದೆ.

ಬ್ರಿಸ್ಬೇನಿನ ಜಗಲಿಗಳು

ಮಕ್ಕಳ ಸೀಸವಿಷವು ಮೊದಲು ಸ್ಪಷ್ಟವಾಗಿ ಗುರುತಿಸಲ್ಪಟ್ಟುದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಬ್ರಿಸ್ಬೇನ್ ನಗರದಲ್ಲಿ. 1892ರಲ್ಲಿ ಅಲ್ಲಿಯ ಮಕ್ಕಳ ಆಸ್ಪತ್ರೆಯ ವೈದ್ಯರು ಹೊಟ್ಟೆನೋವು, ಕೈಕಾಲುಗಳ ನಿಶ್ಶಕ್ತಿ, ದೃಷ್ಟಿದೋಷಗಳಿಂದ ನರಳುತ್ತಿದ್ದ ಮಕ್ಕಳಲ್ಲಿ ಸೀಸದ ವಿಷವಿದೆಯೆಂದು ವರದಿ ಮಾಡಿದರು. ವಿಷವು ಎಲ್ಲಿಂದ ಬಂದಿತೆಂಬುದು ಮಾತ್ರ ಹಲವು ವರ್ಷ ತಿಳಿಯಲಿಲ್ಲ. ನೇತ್ರವೈದ್ಯರಾಗಿದ್ದ ಲಾಕ್‌ಹಾರ್ಟ್ ಗಿಬ್ಸನ್ ಎಂಬುವರು ರೋಗಿಗಳ ಮನೆಗಳನ್ನು ಗಮನಿಸಿ, ಮರದ ಮನೆಗಳ ಜಗಲಿಯ ಕಟಾಂಜನಗಳಿಗೂ ಕೋಣೆಯ ಗೋಡೆಗಳಿಗೂ ಬಳಿದ ಬಣ್ಣವೇ ಮೂಲವೆಂದು 1904ರಲ್ಲಿ ಪ್ರತಿಪಾದಿಸಿದರು. ಆ ಕಾಲದ ಬಿಳಿಯ ಬಣ್ಣದಲ್ಲಿ ಸೀಸದ ಲವಣವೇ ಮುಖ್ಯ ವಸ್ತು. ಅಲ್ಲಿಯ ಬಿಸಿಲಿಗೆ ಆ ಬಣ್ಣ ಪುಡಿಯಾಗಿ ಮಕ್ಕಳ ಕೈಗೆ ಅಂಟುತ್ತಿತ್ತು. ಬೆರಳು ಚೀಪುವ, ಉಗುರು ಕಚ್ಚುವ ಮಕ್ಕಳೇ ಹೆಚ್ಚಾಗಿ ರೋಗಕ್ಕೆ ತುತ್ತಾಗುತ್ತಿದ್ದರು. ಮಕ್ಕಳ ಕೈಗೆಟಕುವ ಹೊರಭಾಗಗಳಿಗೆ ಸೀಸದ ಬಣ್ಣ ಬಳಿಯುವುದನ್ನು ಕ್ವೀನ್ಸ್‌ಲ್ಯಾಂಡಿನ ಶಾಸನವು ನಿರ್ಬಂಧಿಸಿದುದು 1922ರಲ್ಲಿ. ಅಮೆರಿಕೆಯಲ್ಲಿ ಮನೆಯ ಬಣ್ಣದಿಂದ ಸೀಸವನ್ನು ತೊಲಗಿಸುವ ನಿಷೇಧವು ಬಂದುದು 1978ರಲ್ಲಿ. ಮೂಲ ತಿಳಿದ ದಿನಕ್ಕೂ ಅದನ್ನು ಅಲ್ಲಿ ಮುಚ್ಚಿದ ದಿನಕ್ಕೂ ನಡುವೆ ಮುಕ್ಕಾಲು ಶತಮಾನ ಕಳೆದಿತ್ತು.

ಆ ದಿನಗಳಲ್ಲಿ ಒಂದು ನಂಬಿಕೆಯಿತ್ತು: ಸೀಸವಿಷದಿಂದ ಮಗು ಸಾಯದೆ ಉಳಿದರೆ ಪೂರ್ಣವಾಗಿ ಗುಣಹೊಂದಿದಂತೆಯೇ ಸರಿ. ಈ ನಂಬಿಕೆಯನ್ನು ಅಲುಗಾಡಿಸಿದವರು ಬೋಸ್ಟನ್ ನಗರದ ವೈದ್ಯ ರಾಂಡಾಲ್ಫ್ ಬೈಯರ್ಸ್ ಮತ್ತು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾರ್ಡ್. ಗುಣವಾಯಿತೆಂದು ಆಸ್ಪತ್ರೆಯಿಂದ ಕಳುಹಿಸಲ್ಪಟ್ಟಿದ್ದ 20 ಮಕ್ಕಳನ್ನು ಅವರು ಶಾಲೆಯ ವಯಸ್ಸಿನವರೆಗೆ ಅನುಸರಿಸಿ, 1943ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಪ್ಪತ್ತರಲ್ಲಿ 19 ಮಕ್ಕಳು ಶಾಲೆಯಲ್ಲಿ ಸೋತಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಮುಗಿದಿದ್ದ ರೋಗವು ಶಾಲೆಯ ದಾಖಲೆಯಲ್ಲಿ ಮುಂದುವರಿದಿತ್ತು.

ಹಾಲುಹಲ್ಲಿನ ಸಾಕ್ಷ್ಯ

ರೋಗಲಕ್ಷಣವನ್ನೇ ತೋರದ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಎತ್ತಿಕೊಂಡವರು ಅಮೆರಿಕೆಯ ಮಕ್ಕಳ ವೈದ್ಯ ಮತ್ತು ಮನೋವೈದ್ಯ ಹರ್ಬರ್ಟ್ ನೀಡಲ್‌ಮನ್. ರಕ್ತಪರೀಕ್ಷೆಯು ಕೆಲವು ವಾರಗಳ ಹಿಂದಿನ ಸೀಸವನ್ನು ಮಾತ್ರ ತೋರಿಸುತ್ತದೆ. ಶೈಶವದಿಂದ ಸಂಗ್ರಹವಾದ ವಿಷವನ್ನು ಅಳೆಯಬೇಕಾದರೆ ಮೂಳೆಯನ್ನು ನೋಡಬೇಕು. ಆದರೆ ಆರೋಗ್ಯವಂತ ಮಗುವಿನ ಮೂಳೆಯನ್ನು ಕತ್ತರಿಸಲಾಗದು. ಮಕ್ಕಳು ತಾವಾಗಿಯೇ ಕಳೆದುಕೊಳ್ಳುವ ಮೂಳೆಯಂತಹ ವಸ್ತುವೊಂದಿದೆ, ಅದೇ ಹಾಲುಹಲ್ಲು ಎಂಬುದು ನೀಡಲ್‌ಮನ್ನರಿಗೆ ಹೊಳೆಯಿತು.

ಮಸಾಚುಸೆಟ್ಸ್ ರಾಜ್ಯದ ಚೆಲ್ಸಿ ಮತ್ತು ಸೊಮರ್‌ವಿಲ್ ಎಂಬ ಊರುಗಳಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳ ಉದುರಿದ ಹಲ್ಲುಗಳನ್ನು ಸಂಗ್ರಹಿಸಲಾಯಿತು. ಎರಡು ಸಾವಿರಕ್ಕೂ ಮೀರಿದ ಮಕ್ಕಳು ತಮ್ಮ ಹಲ್ಲುಗಳನ್ನು ಕೊಟ್ಟರು. ಈ ಸಂಶೋಧನೆಯ ಇನ್ನೊಂದು ಅರ್ಧ ಅಧ್ಯಾಪಕರದು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ತಾವು ದಿನವೂ ಕಾಣುವ ಮಗುವಿನ ವಿಷಯವಾಗಿ 11 ಪ್ರಶ್ನೆಗಳಿಗೆ ಹೌದು, ಅಲ್ಲ ಎಂದು ಉತ್ತರಿಸುವುದಷ್ಟೇ ಅವರ ಕೆಲಸವಾಗಿತ್ತು. ಮಗುವಿನ ಗಮನ ಬೇಗನೆ ಚೆದರುವುದೇ? ಹಿಡಿದ ಕೆಲಸವನ್ನು ಬಿಡದೆ ಮಾಡುವುದೇ? ಹಗಲುಗನಸು ಕಾಣುವುದೇ? ಸರಳವಾದ ಸೂಚನೆಯನ್ನು ಪಾಲಿಸಬಲ್ಲುದೇ? ಒಂದರ ಹಿಂದೊಂದು ಹೇಳಿದ ಸೂಚನೆಗಳನ್ನು ಕ್ರಮವಾಗಿ ನಡೆಸಬಲ್ಲುದೇ? ಪ್ರಶ್ನೆಗಳು ಈ ಬಗೆಯವು. ಅನುಭವಸ್ಥ ಅಧ್ಯಾಪಕರು ಯಾವ ಉಪಕರಣವೂ ಇಲ್ಲದೆ ದಿನನಿತ್ಯ ಮನಸ್ಸಿನಲ್ಲಿಯೇ ತುಂಬುವ ಪಟ್ಟಿಯಿದು.

1979ರಲ್ಲಿ ಫಲಿತಾಂಶವು ಪ್ರಕಟವಾಯಿತು. ಹಲ್ಲಿನ ಸೀಸವು ಒಂದೊಂದು ಮೆಟ್ಟಿಲು ಏರಿದಂತೆ ಅಧ್ಯಾಪಕರು ಗುರುತಿಸಿದ ದೋಷಗಳ ಸಂಖ್ಯೆಯೂ ಮೆಟ್ಟಿಲುಮೆಟ್ಟಿಲಾಗಿ ಏರಿತ್ತು. ಅತಿ ಹೆಚ್ಚು ಸೀಸವಿದ್ದ 58 ಮಕ್ಕಳನ್ನೂ ಅತಿ ಕಡಿಮೆಯಿದ್ದ 100 ಮಕ್ಕಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದಾಗ, ಐ. ಕ್ಯೂ. ಎಂದು ರೂಢಿಯಲ್ಲಿರುವ ಬುದ್ಧಿಲಬ್ಧಾಂಕದಲ್ಲಿ ಸುಮಾರು 4 ಅಂಕಗಳ ಅಂತರವು ಕಂಡುಬಂದಿತು. ಇವರಲ್ಲಿ ಯಾರೂ ಸೀಸವಿಷದ ರೋಗಿಗಳೆಂದು ವೈದ್ಯರ ಬಳಿಗೆ ಹೋದವರಲ್ಲ. 1990ರಲ್ಲಿ, ಅದೇ ಮಕ್ಕಳು ಯೌವನಕ್ಕೆ ಬಂದಾಗ, ಹೆಚ್ಚು ಸೀಸ ಹೊಂದಿದ್ದವರಲ್ಲಿ ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಡುವ ಸಂಭವವು ಏಳು ಪಟ್ಟಿಗೂ, ಓದುವುದರಲ್ಲಿ ತೊಡಕು ಸುಮಾರು ಆರು ಪಟ್ಟಿಗೂ ಏರಿದ್ದುದು ತಿಳಿದುಬಂದಿತು. ಸೀಸದ ಉದ್ಯಮದ ಪರವಾಗಿ ವಾದಿಸುತ್ತಿದ್ದ ತಜ್ಞರು ನೀಡಲ್‌ಮನ್ನರ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿ ದೂರು ಕೊಟ್ಟರು. ಹಲವು ವರ್ಷಗಳ ವಿಚಾರಣೆಯಲ್ಲಿ ವೈಜ್ಞಾನಿಕ ಅಪ್ರಾಮಾಣಿಕತೆಯ ಆರೋಪವು ಸಾಬೀತಾಗಲಿಲ್ಲ.

ಪೆಟ್ರೋಲಿನಲ್ಲಿ ಬೆರೆಸಿದ ಸೀಸ

ಬಣ್ಣದ ಸೀಸವು ಮನೆಯೊಳಗಿನ ವಿಷವಾದರೆ, ಅದನ್ನು ಜಗತ್ತಿನ ಗಾಳಿಗೆಲ್ಲ ಹರಡಿದುದು ಮೋಟಾರು ವಾಹನ. 1921ರ ಡಿಸೆಂಬರಿನಲ್ಲಿ ಅಮೆರಿಕೆಯ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಜ್ಲೆ ಎಂಬ ಎಂಜಿನಿಯರು, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಬಡಿತವು ನಿಲ್ಲುವುದೆಂದು ಕಂಡುಕೊಂಡರು. 1923ರಲ್ಲಿ ಅದರ ಮಾರಾಟವು ಆರಂಭವಾಯಿತು. 1924ರಲ್ಲಿ ನ್ಯೂಜೆರ್ಸಿಯ ತೈಲ ಶುದ್ಧೀಕರಣ ಕೇಂದ್ರವೊಂದರಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿವಿಕಲ್ಪದಿಂದ ನರಳಿ ಸತ್ತರು. 1925ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ ಕಾರ್ಮಿಕರ ಆರೋಗ್ಯದ ತಜ್ಞೆ ಡಾ. ಆಲಿಸ್ ಹ್ಯಾಮಿಲ್ಟನ್ ಈ ವಸ್ತುವನ್ನು ಬೀದಿಗೆ ಬಿಡಬಾರದೆಂದು ಎಚ್ಚರಿಸಿದರು. ಎಚ್ಚರಿಕೆಯು ಮನ್ನಣೆ ಪಡೆಯಲಿಲ್ಲ. ಹಾನಿಯಾಗುವುದೆಂದು ಸಿದ್ಧಪಡಿಸುವ ಭಾರವು ಹಾನಿಗೊಳಗಾಗುವವರ ಮೇಲೆಯೇ ಬಿದ್ದಿತು.

ಈ ಭಾರವನ್ನು ಹೊತ್ತವರಲ್ಲಿ ಒಬ್ಬರು ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು, ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷಗಳೆಂದು 1956ರಲ್ಲಿ ನಿರ್ಣಯಿಸಿದವರು ಇವರು. ಆ ಅಳತೆಯ ಕಾಲದಲ್ಲಿ ಪ್ರಯೋಗಶಾಲೆಯ ಗಾಳಿ, ನೀರು, ಧೂಳು ಎಲ್ಲೆಡೆಯೂ ಹೊರಗಿನ ಸೀಸವು ನುಗ್ಗಿ ಕೆಲಸವನ್ನು ಕೆಡಿಸುತ್ತಿತ್ತು. ಅದರ ಬೆನ್ನು ಹತ್ತಿದ ಪ್ಯಾಟರ್ಸನ್, ಆಧುನಿಕ ಮನುಷ್ಯನ ದೇಹದಲ್ಲಿರುವ ಸೀಸವು ಸಹಜವಾದುದಲ್ಲ, ಕೈಗಾರಿಕೆಯಿಂದ ಬಂದುದು ಎಂದು 1965ರಲ್ಲಿ ಘೋಷಿಸಿದರು. ‘ಎಲ್ಲರಲ್ಲಿಯೂ ಇರುವುದು’ ಮತ್ತು ‘ಸಹಜವಾದುದು’ ಎರಡೂ ಒಂದೇ ಅಲ್ಲವೆಂಬ ವಿವೇಕವನ್ನು ಅವರು ವಿಜ್ಞಾನಕ್ಕೆ ನೆನಪಿಸಿದರು.

1970ರ ದಶಕದಲ್ಲಿ ಅಮೆರಿಕೆಯು ಪೆಟ್ರೋಲಿನ ಸೀಸವನ್ನು ಕಡಿಮೆ ಮಾಡತೊಡಗಿತು. 1976ರಿಂದ 1980ರವರೆಗಿನ ನಾಲ್ಕೇ ವರ್ಷಗಳಲ್ಲಿ ಜನರ ರಕ್ತದ ಸೀಸವು ಸರಾಸರಿ ನೂರಕ್ಕೆ 37ರಷ್ಟು ಇಳಿಯಿತು. ಭಾರತದಲ್ಲಿ 1995ರಿಂದ ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲಿನ ವಿತರಣೆಯು ಆರಂಭವಾಗಿ, 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಜಾರಿಗೆ ಬಂದಿತು. ಮಾರಾಟವನ್ನು ಕೊನೆಗೆ ನಿಲ್ಲಿಸಿದ ರಾಷ್ಟ್ರ ಆಲ್ಜೀರಿಯ, 2021ರಲ್ಲಿ. ಒಂದು ತಪ್ಪನ್ನು ತಿದ್ದಿಕೊಳ್ಳಲು ಮಾನವಕುಲಕ್ಕೆ ಹೆಚ್ಚುಕಡಿಮೆ ನೂರು ವರ್ಷಗಳು ಬೇಕಾದವು.

‘ಸುರಕ್ಷಿತ ಮಿತಿ’ ಎಂಬ ಭ್ರಮೆ

ರಕ್ತದ ಸೀಸವನ್ನು 100 ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಅಳೆಯುತ್ತಾರೆ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ. ಮಕ್ಕಳ ವಿಷಯದಲ್ಲಿ ಕಾಳಜಿ ವಹಿಸಬೇಕಾದ ಮಟ್ಟವೆಂದು ಅಮೆರಿಕೆಯ ಆರೋಗ್ಯಾಧಿಕಾರಿಗಳು 1960ರ ದಶಕದಲ್ಲಿ 60ನ್ನು ಹೇಳುತ್ತಿದ್ದರು. 1971ರಲ್ಲಿ ಅದು 40 ಆಯಿತು. 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಹೆಚ್ಚು ಸೂಕ್ಷ್ಮವಾಗಿ ನೋಡಿದಂತೆಲ್ಲ ಹಾನಿಯು ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಕಂಡುಬಂದಿತು. ಸುರಕ್ಷಿತವೆಂದು ಹೇಳಬಹುದಾದ ಯಾವ ಮಟ್ಟವೂ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಏಳು ಅಧ್ಯಯನಗಳ 1,333 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಮತ್ತೊಂದು ಸಂಗತಿಯನ್ನು ಹೊರಗೆಡಹಿತು. ರಕ್ತದ ಸೀಸವು 2.4ರಿಂದ 10ಕ್ಕೆ ಏರಿದಾಗ ಬುದ್ಧಿಲಬ್ಧಾಂಕದಲ್ಲಿ 3.9 ಅಂಕಗಳ ನಷ್ಟ. 10ರಿಂದ 20ಕ್ಕೆ ಏರಿದಾಗ ಮತ್ತೆ 1.9, 20ರಿಂದ 30ಕ್ಕೆ ಏರಿದಾಗ 1.1. ಎಂದರೆ ಮೊದಲ ತೊಟ್ಟು ವಿಷವೇ ಹೆಚ್ಚಿನದನ್ನು ಕಸಿಯುತ್ತದೆ.

ನಾಲ್ಕೈದು ಅಂಕಗಳು ಯಾವ ದೊಡ್ಡ ಮಾತು ಎಂದು ಯಾರಾದರೂ ಕೇಳಬಹುದು. ಒಬ್ಬ ವಿದ್ಯಾರ್ಥಿಯ ಮಟ್ಟಿಗೆ ಅದು ಕಣ್ಣಿಗೆ ಕಾಣದಿರಬಹುದು. ಸಮಾಜದ ಮಟ್ಟಿಗೆ ಹಾಗಲ್ಲ. ಬುದ್ಧಿಲಬ್ಧಾಂಕವು 100ರ ಸುತ್ತ ಹರಡಿರುವ ಸಾಮಾನ್ಯ ಕ್ರಮವನ್ನು ಹಿಡಿದು ಲೆಕ್ಕ ಹಾಕಿದರೆ, ಸಾವಿರ ಮಕ್ಕಳಲ್ಲಿ ಸುಮಾರು 23 ಮಂದಿ 70ಕ್ಕಿಂತ ಕೆಳಗೂ ಅಷ್ಟೇ ಮಂದಿ 130ಕ್ಕಿಂತ ಮೇಲೂ ಇರುತ್ತಾರೆ. ಇಡೀ ಸಮೂಹದ ಸರಾಸರಿಯು ಕೇವಲ 5 ಅಂಕ ಇಳಿದರೆ, ವಿಶೇಷ ನೆರವಿಲ್ಲದೆ ಕಲಿಯಲಾರದವರ ಸಂಖ್ಯೆಯು 23ರಿಂದ ಸುಮಾರು 48ಕ್ಕೆ ಏರುತ್ತದೆ. ಅಸಾಧಾರಣ ಪ್ರತಿಭಾವಂತರ ಸಂಖ್ಯೆಯು 23ರಿಂದ ಸುಮಾರು 10ಕ್ಕೆ ಕುಸಿಯುತ್ತದೆ. ಯಾವ ಮಗು ಯಾವ ಗುಂಪಿನಿಂದ ಜಾರಿತೆಂದು ಬೆರಳು ಮಾಡಿ ತೋರಿಸಲಾಗದಿದ್ದರೂ ನಾಡಿನ ನಷ್ಟವು ನಿಜವಾದುದು.

ಭಾರತದ ಪರಿಸ್ಥಿತಿ

ಈ ಪ್ರಶ್ನೆಯು ಭಾರತದಲ್ಲಿ ವ್ಯಾಪಕವಾಗಿ ಚರ್ಚೆಗೆ ಬರುವಲ್ಲಿ ಬೆಂಗಳೂರಿನ ಪಾತ್ರವು ಹಿರಿದು. ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಬೆಂಗಳೂರಿನ ಜಾರ್ಜ್ ಫೌಂಡೇಶನ್ ಸಂಸ್ಥೆ 1990ರ ದಶಕದಲ್ಲಿ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸುವ ಕಾರ್ಯವನ್ನು ಕೈಗೊಂಡರು. 12 ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಸೀಸವು 10 ಮೈಕ್ರೋಗ್ರಾಂ ಮಟ್ಟವನ್ನು ಮುಟ್ಟಿತ್ತು ಅಥವಾ ಮೀರಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಸೀಸವಿಷದ ನಿವಾರಣೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ನಡೆಯಿತು. ಮರುವರ್ಷ ಪೆಟ್ರೋಲಿನಿಂದ ಸೀಸವು ತೊಲಗಿದ ಮೇಲೆ ಮುಂಬಯಿಯ ಮಕ್ಕಳಲ್ಲಿ ಅದರ ಮಟ್ಟವು ಇಳಿದಿರುವುದನ್ನು ಅಲ್ಲಿಯ ಅಧ್ಯಯನವು ತೋರಿಸಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಾಗಿರುವುದೆಂದೂ, ಅವರಲ್ಲಿ 27 ಕೋಟಿಗೂ ಮೀರಿದವರು ಭಾರತದವರೆಂದೂ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಅಂದಾಜು ಮಾಡಿದವು. ಮೂಲಗಳು ಹಲವು. ವಾಹನದ ಹಳೆಯ ಬ್ಯಾಟರಿಗಳನ್ನು ಜನವಸತಿಯ ನಡುವೆ ಒಡೆದು ಸೀಸವನ್ನು ಕರಗಿಸುವ ಕುಲುಮೆಗಳಿವೆ. ಅಲ್ಲಿ ದುಡಿಯುವ ತಂದೆಯ ಬಟ್ಟೆಯ ಧೂಳೇ ಮನೆಯ ಕೂಸಿಗೆ ವಿಷವಾಗುತ್ತದೆ. ಮನೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗದಲ್ಲಿ 90 ಭಾಗವನ್ನು ಮೀರಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮವು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೂ ಅದಕ್ಕೆ ಮುಂಚೆ ಬಳಿದ ಬಣ್ಣವು ಗೇಟು, ಕಿಟಕಿ, ತೊಟ್ಟಿಲುಗಳ ಮೇಲೆ ಇನ್ನೂ ಸುಲಿಯುತ್ತಿದೆ. ಕಲಾಯಿಗೆ ಬಳಸುವ ತವರದಲ್ಲಿ ಸೀಸದ ಬೆರಕೆಯಿದ್ದರೆ, ಗುಜರಿ ಲೋಹವನ್ನು ಕರಗಿಸಿ ಪಾತ್ರೆ ಎರೆದಿದ್ದರೆ, ಹುಳಿಯ ಅಡುಗೆಯು ಸೀಸವನ್ನು ಬಿಡಿಸಿಕೊಳ್ಳುತ್ತದೆ. ಕೆಂಪು ಸೀಸದಿಂದ ಮಾಡಿದ ಸಿಂಧೂರವೂ ಸೀಸವುಳ್ಳ ನಾಗಭಸ್ಮ ಬೆರೆತ ಔಷಧಿಗಳೂ ಮಕ್ಕಳಿಗೆ, ಗರ್ಭಿಣಿಯರಿಗೆ ಅಪಾಯಕರ. ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬೆರೆಸುವ ದುರಾಚಾರವೂ ಉಂಟು.

ಈ ಕಡೆಯ ಉದಾಹರಣೆಯಲ್ಲಿಯೇ ಆಶಾದಾಯಕವಾದ ಪಾಠವೊಂದಿದೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದ ಸೀಸಕ್ಕೆ ಅರಿಶಿನದ ಕಲಬೆರಕೆ ಮುಖ್ಯ ಕಾರಣವೆಂದು ಸಂಶೋಧಕರು ತೋರಿಸಿದ ಮೇಲೆ, 2019ರಲ್ಲಿ ಸರ್ಕಾರವು ಎಚ್ಚೆತ್ತು ಪತ್ರಿಕೆಗಳಲ್ಲಿ ಪ್ರಚಾರ ಮಾಡಿ, ಸಂತೆಗಳಲ್ಲಿ ತಪಾಸಣೆ ನಡೆಸಿ, ಕಲಬೆರಕೆ ಮಾಡಿದ ವ್ಯಾಪಾರಿಗಳಿಗೆ ದಂಡ ವಿಧಿಸಿತು. ಆ ವರ್ಷ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವು ಪತ್ತೆಯಾಗಿತ್ತು. 2021ರ ವೇಳೆಗೆ ಒಂದರಲ್ಲಿಯೂ ಇರಲಿಲ್ಲ. ಮನಸ್ಸು ಮಾಡಿದರೆ ಶತಮಾನವೇನೂ ಬೇಕಾಗಿಲ್ಲ, ಎರಡು ವರ್ಷ ಸಾಕು.

ಚಿಕಿತ್ಸೆಯ ಮಿತಿ

ದೇಹದ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧಿಗಳಿವೆ; ಪ್ರಾಣಾಪಾಯದ ಸಂದರ್ಭದಲ್ಲಿ ಅವು ಜೀವವನ್ನು ಉಳಿಸುತ್ತವೆ. ಆದರೆ ಮಧ್ಯಮ ಮಟ್ಟದ ಸೀಸವಿದ್ದ 780 ಮಕ್ಕಳಿಗೆ ಇಂತಹ ಔಷಧಿಯನ್ನೋ ಬರಿಯ ಹುಸಿಮಾತ್ರೆಯನ್ನೋ ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶವು 2001ರಲ್ಲಿ ಪ್ರಕಟವಾದಾಗ, ಔಷಧಿಯು ರಕ್ತದ ಸೀಸವನ್ನು ಇಳಿಸಿದರೂ ಬುದ್ಧಿಯಲ್ಲಾಗಲಿ ನಡವಳಿಕೆಯಲ್ಲಾಗಲಿ ಸುಧಾರಣೆಯನ್ನು ತರಲಿಲ್ಲವೆಂದು ತಿಳಿದುಬಂದಿತು. ಆದುದರಿಂದ ಇಲ್ಲಿ ನಿವಾರಣೆಯೇ ನಿಜವಾದ ಚಿಕಿತ್ಸೆ. ಮಗುವಿನ ರಕ್ತವನ್ನು ಶುದ್ಧಿ ಮಾಡುವುದಕ್ಕಿಂತ ಮಗುವಿನ ಮನೆಯನ್ನು ಶುದ್ಧಿ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳೆಲ್ಲರೂ ಸೀಸದಿಂದ ಹಾಗಾದವರಲ್ಲ. ಹಸಿವು, ರಕ್ತಹೀನತೆ, ಕಿವಿ ಕಣ್ಣುಗಳ ದೋಷ, ಮನೆಯ ಕಲಹ, ವಂಶವಾಹಿಗಳ ಪ್ರಭಾವ ಎಲ್ಲವೂ ಕಾರಣಗಳಾಗಬಲ್ಲವು. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಗೆ ಸೀಸದ ಸಂಬಂಧವು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದ್ದರೂ ಅದೊಂದೇ ಕಾರಣವಲ್ಲ. ಆಟಿಸಂ ಎಂಬ ಸ್ಥಿತಿಯಲ್ಲಿ ವಂಶವಾಹಿಗಳ ಪಾತ್ರವೇ ದೊಡ್ಡದು. ಒಂದು ಮಗುವನ್ನು ನೋಡಿದ ಮಾತ್ರಕ್ಕೆ ಕಾರಣವನ್ನು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ರಕ್ತಪರೀಕ್ಷೆಯೊಂದೇ ಸೀಸದ ಇರವನ್ನು ತೋರಿಸಬಲ್ಲುದು. ಹೆತ್ತವರ ಮೇಲೆ ಹೊಸದೊಂದು ಅಪವಾದವನ್ನು ಹೊರಿಸುವುದು ಈ ಜ್ಞಾನದ ಉದ್ದೇಶವಲ್ಲ.

ಶಾಲೆಯ ಪಾಲಿನ ಕರ್ತವ್ಯ

ಶಾಲೆಯು ಮಾಡಬಹುದಾದ ಕೆಲಸಗಳು ಸರಳವಾದವು, ಅಲ್ಪವ್ಯಯದವು. ಕಟ್ಟಡಕ್ಕೆ, ಬೆಂಚುಗಳಿಗೆ, ಆಟದ ಉಯ್ಯಾಲೆ ಜಾರುಬಂಡೆಗಳಿಗೆ ಬಣ್ಣ ಬಳಿಸುವಾಗ ಡಬ್ಬಿಯ ಮೇಲೆ 90ರ ಮಿತಿಯ ಉಲ್ಲೇಖವಿರುವುದನ್ನು ನೋಡಿ ಕೊಳ್ಳಬೇಕು. ಮನೆಗೆಂದಲ್ಲದೆ ಕೈಗಾರಿಕೆಗೆಂದು ಮಾರುವ ಬಣ್ಣವನ್ನು ಮಕ್ಕಳಿರುವಲ್ಲಿ ಬಳಸಬಾರದು. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆ ಮಾಡಿ, ರಜೆಯ ದಿನಗಳಲ್ಲಿ, ಮಕ್ಕಳಿಲ್ಲದಾಗ ತೆಗೆದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಶಿಶುವಿಹಾರಕ್ಕೆ ಆಟಿಕೆಗಳನ್ನು ಕೊಳ್ಳುವವರು ಅರಗು ಮತ್ತು ಸಸ್ಯಜನ್ಯ ಬಣ್ಣಗಳಿಂದ ಸಿದ್ಧವಾಗುವ ಚನ್ನಪಟ್ಟಣದ ಸಾಂಪ್ರದಾಯಿಕ ಮರದ ಗೊಂಬೆಗಳನ್ನು ನೆನೆಯಬಹುದು. ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವು ಶುಚಿತ್ವಕ್ಕಾಗಿ ಮಾತ್ರವಲ್ಲ, ಬೆರಳಿಗೆ ಅಂಟಿದ ಸೀಸದ ಧೂಳನ್ನು ಕಳೆಯುವುದಕ್ಕೂ ಆಗಿದೆ. ದಾಸೋಹದ ಪಂಕ್ತಿಯಲ್ಲಿ ಬಡಿಸುವ ರಾಗಿ, ಸೊಪ್ಪು, ಕಾಳು, ಹಾಲುಗಳು ಕಬ್ಬಿಣಾಂಶವನ್ನೂ ಕ್ಯಾಲ್ಸಿಯಮ್ಮನ್ನೂ ಒದಗಿಸಿ, ಸೀಸವು ದೇಹವನ್ನು ಸೇರದಂತೆ ಸ್ವಲ್ಪಮಟ್ಟಿಗೆ ತಡೆಯೊಡ್ಡುತ್ತವೆ. ಅನ್ನದಾಸೋಹವು ಜ್ಞಾನದಾಸೋಹಕ್ಕೆ ಆಧಾರವೆಂಬ ಹಳೆಯ ಮಾತಿಗೆ ರಸಾಯನಶಾಸ್ತ್ರವು ಹೊಸ ಅರ್ಥವನ್ನು ಕೊಟ್ಟಿದೆ.

ಹಿರಿಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ವ್ಯಾಪಾರಸ್ಥರಿದ್ದಾರೆ. ಬ್ಯಾಟರಿಯ ಕೆಲಸ ನಡೆಯುವ ಬಡಾವಣೆಗಳಿಂದ ಬರುವ ಮಕ್ಕಳ ರಕ್ತಪರೀಕ್ಷೆಗೆ ವರ್ಷಕ್ಕೊಂದು ಶಿಬಿರವನ್ನು ಏರ್ಪಡಿಸುವುದು, ಅಡುಗೆಮನೆಗೆ ಒಳ್ಳೆಯ ಪಾತ್ರೆಗಳನ್ನೂ ಕೊಂಬಿನ ರೂಪದಲ್ಲಿಯೇ ಕೊಂಡು ಪುಡಿ ಮಾಡಿಸಿದ ಅರಿಶಿನವನ್ನೂ ಒದಗಿಸುವುದು, ಹೊಸ ಕಟ್ಟಡವೊಂದಕ್ಕೆ ಕೊಡುವ ದಾನಕ್ಕಿಂತ ಕಡಿಮೆಯ ದಾನವೇನೂ ಅಲ್ಲ. ದಾನಿಯ ಹೆಸರನ್ನು ಕೆತ್ತಲು ಅಲ್ಲಿ ಕಲ್ಲು ಇರುವುದಿಲ್ಲ. ಬೆಳೆಯುವ ಮಕ್ಕಳ ಬುದ್ಧಿಯೇ ಅದರ ಗುರುತು.

ಅಧ್ಯಾಪಕರ ಕರ್ತವ್ಯವು ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ನೀಡಲ್‌ಮನ್ನರ ಸಂಶೋಧನೆಯಲ್ಲಿ ಹಲ್ಲು ತೋರಿಸಿದುದನ್ನೇ ಗುರುಗಳ ಕಣ್ಣೂ ತೋರಿಸಿತ್ತು. ಗುರುಗಳು ಕಂಡದ್ದು ಸತ್ಯ. ಅದಕ್ಕೆ ಸಮಾಜವು ಕೊಡುತ್ತಿದ್ದ ‘ದಡ್ಡ’ ಎಂಬ ಹೆಸರು ಮಾತ್ರ ಸುಳ್ಳು. ಆ ಹೆಸರು ಬಿದ್ದಲ್ಲಿ ವಿಚಾರಣೆಯು ನಿಂತುಹೋಗುತ್ತದೆ. ಈ ಮಗುವಿಗೆ ಏನಾಗಿದೆ, ಅದರ ಮನೆಯಲ್ಲಿ ಯಾವ ಕಸುಬು ನಡೆಯುತ್ತದೆ, ಅದು ಉಣ್ಣುವುದೇನು ಎಂಬ ಪ್ರಶ್ನೆಗಳು ಎದ್ದಲ್ಲಿ ಅರಿವಿಗೆ ದಾರಿ ತೆರೆಯುತ್ತದೆ. ಆಗಲೇ ಹಾನಿಗೊಂಡ ಮಗುವಿಗೂ ಸಣ್ಣ ಸಣ್ಣ ಹೆಜ್ಜೆಯ ಪಾಠ, ಪುನರಾವರ್ತನೆ, ಮೆಚ್ಚುಗೆಯ ಮಾತು ಬೇಕೇ ಬೇಕು. ಸೀಸವು ಕಸಿದುದನ್ನು ಔಷಧಿಯು ಮರಳಿ ಕೊಡಲಾರದು. ಆದರೆ ಅದು ಕಸಿಯದೆ ಬಿಟ್ಟುದು ಇನ್ನೂ ಬಹಳಷ್ಟಿರುತ್ತದೆ. ಅದನ್ನು ಬೆಳೆಸುವ ಕಾಯಕವು ಗುರುವಿನದು.